ಮೇಲೂರಿನ ನೀಲಿ ದೀಪ

ಲೊಚ್ — ಲೊಚ್ — ಲೊಚ್.

ಹುಳುಗಳಿಗೆ ರಾತ್ರಿಯ ಸೊಪ್ಪು ಹಾಕುವ ಹೊತ್ತು. ಹಲ್ಲಿ ಲೊಚಗುಟ್ಟಿದ್ದು ನನ್ನ ತಲೆಯ ಮೇಲೆ, ಏ.ಸಿ.ಯ ಗಾಳಿ ಬರುವ ತಗಡಿನ ಪೆಟ್ಟಿಗೆಯ ಒಳಗೆ. ಅಭ್ಯಾಸದಂತೆ ನೆಲ ಕುಟ್ಟಿ "ಕೃಷ್ಣ ಕೃಷ್ಣ" ಎಂದು, ಮೊದಲ ತಟ್ಟೆಯ ಮೇಣದ ಕಾಗದ ಎತ್ತಿದೆ.

ಒಂದು ಹುಳುವೂ ತಲೆ ಆಡಿಸಲಿಲ್ಲ. ಬೆರಳಲ್ಲಿ ಮುಟ್ಟಿದೆ. ಬಳಪದ ಚೂರಿನ ಹಾಗೆ ಬಿಳುಪು, ಗಟ್ಟಿ. ಎರಡನೆಯ ತಟ್ಟೆ — ಹಾಗೆಯೇ. ಹತ್ತನೆಯದು — ಹಾಗೆಯೇ.

ಸುಣ್ಣಕಟ್ಟು ರೋಗ, ಗಾಳಿಯಲ್ಲಿ ಹರಡುವ ಬೂಸ್ಟು. ನಲವತ್ತು ಮನೆಗಳಿಗೆ ಹೋಗಬೇಕಾಗಿದ್ದ ಮರಿಹುಳುಗಳೆಲ್ಲ ಸತ್ತಿದ್ದವು.

೧೯೯೪ರ ಕಾರ್ತಿಕ ಮಾಸ. ಮೇಲೂರಿನ ವೆಂಕಟರಾಯಪ್ಪನವರ ಚಾಕಿ ಕೇಂದ್ರದಲ್ಲಿ ನಾನು ಸೂಕ್ಷ್ಮದರ್ಶಕ ನೋಡುವ ಕೆಲಸಕ್ಕಿದ್ದೆ. ಮೊಟ್ಟೆ ಒಡೆದು ಬಂದ ರೇಷ್ಮೆ ಮರಿಗಳನ್ನು ಹತ್ತು ದಿನ ಸಾಕಿ ರೈತರಿಗೆ ಕೊಡುವುದು ನಮ್ಮ ಕಸುಬು. ಹಿಂದಿನ ವರ್ಷ ಯಜಮಾನರು ಏ.ಸಿ. ಹಾಕಿಸಿ, ಗಾಳಿಪೆಟ್ಟಿಗೆಯೊಳಗೆ ಅತಿನೇರಳೆ ದೀಪ ಕೂರಿಸಿದ್ದರು. ಗಾಳಿಯಲ್ಲಿ ತೇಲುವ ರೋಗದ ಬೀಜ ಹುಳುವಿನ ತಟ್ಟೆಗೆ ಬರುವ ಮೊದಲೇ ಆ ಬೆಳಕಿನಲ್ಲಿ ಸಾಯಬೇಕು. ದಿನಾ ಬೆಳಿಗ್ಗೆ ಪೆಟ್ಟಿಗೆಯ ಗಾಜಿನ ಕಿಂಡಿಯಲ್ಲಿ ಇಣುಕಿ, ನೀಲಿ ಬೆಳಕು ಕಂಡರೆ ರಿಜಿಸ್ಟರಿನಲ್ಲಿ 'ದೀಪ ಸರಿ' ಎಂದು ಬರೆಯುವವಳು ನಾನೇ.

ಬೆಳಿಗ್ಗೆ ಅಂಗಳ ತುಂಬ ರೈತರು. ಮುನಿವೆಂಕಟಪ್ಪ ಎಂಬಾತ ಸತ್ತ ಹುಳುಗಳನ್ನು ಟವೆಲ್ಲಿನಿಂದ ನೆಲಕ್ಕೆ ಕೊಡವಿದ.

"ಏನಯ್ಯಾ ಆವಲಪ್ಪ, ಇದೇ ಏನು ನಿಮ್ಮ ಫಾರಿನ್ ಗಾಳಿ?"

ಮ್ಯಾನೇಜರ್ ಆವಲಪ್ಪ ತಡವರಿಸಲಿಲ್ಲ. ಉತ್ತರ ಸಿದ್ಧವಾಗಿಟ್ಟುಕೊಂಡೇ ಬಂದಿದ್ದ.

"ಗಾಳಿದೇನ್ ತಪ್ಪು? ಮುಟ್ಟಾದೋರು ಹುಳುಮನೆಗೆ ಬಂದ್ರೆ ಯಾವ ದೀಪ ಏನ್ ಮಾಡುತ್ತೆ? ಮಂಗಳವಾರ ಹೊಟ್ಟೆ ಹಿಡ್ಕೊಂಡು ಕಲ್ಲಿನ ಮೇಲೆ ಕೂತಿದ್ದೋಳು ಯಾರು? ಕೇಳಿ ಆ ಮಹಮೂದಾನ!"

ಎಲ್ಲರ ಕಣ್ಣು ಅವಳ ಮೇಲೆ. ಸೊಪ್ಪು ಕತ್ತರಿಸುವ ಮಹಮೂದಾ ಆರು ವರ್ಷದಿಂದ ಇಲ್ಲಿದ್ದವಳು. ಎಲೆಯ ಹದ ಅವಳಷ್ಟು ಬಲ್ಲವರಿಲ್ಲ.

"ಇಲ್ಲ ಸಾರ್. ಅಲ್ಲಾಹ್ ಆಣೆ, ಇಲ್ಲ."

"ಮತ್ಯಾಕೆ ಕೂತಿದ್ದೆ?"

ಅವಳು ಸೆರಗಿನ ತುದಿ ಹಿಡಿದುಕೊಂಡಳು.

"ಹೇಳಮ್ಮಾ! ಯಾಕೆ ಕೂತಿದ್ದೆ?"

ಅದನ್ನೇ ಬಾಯಿಗೆ ಒತ್ತಿಕೊಂಡಳು. ಅಷ್ಟೇ ಸಾಕಾಯಿತು. ಮಧ್ಯಾಹ್ನದೊಳಗೆ ಅವಳ ಕೆಲಸ ಹೋಯಿತು. ಸಂಜೆಯೊಳಗೆ ಶಿಡ್ಲಘಟ್ಟದವರೆಗೂ ಸುದ್ದಿ ಹೋಯಿತು. ಇನ್ನು ಯಾವ ಹುಳುಮನೆಯವರೂ ಅವಳನ್ನು ಹೊಸಿಲು ದಾಟಿಸುವುದಿಲ್ಲ.

ಅಲ್ಲೇ ನಿಂತಿದ್ದ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಮನೆಗೆ ಹೋದರೆ ನನ್ನ ಸೋದರತ್ತೆ ಅಶ್ವತ್ಥಮ್ಮ ಜಗಲಿಯ ಮೇಲೆ ಕೂತಿದ್ದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ನಡೆದದ್ದನ್ನೆಲ್ಲ ಹೇಳಿದೆ. ಅವರ ಮೂಗಿನ ಹೊಳ್ಳೆ ಅರಳಿತು.

"ಮುಟ್ಟಿನಿಂದ ಬೂಸ್ಟು ಬರುತ್ತಾ? ಬಿ.ಎಸ್ಸಿ. ಓದಿ ಕೇಳ್ಕೊಂಡು ನಿಂತಿದ್ಯಲ್ಲೇ! ಮೊದಲಿಂದ ಹೇಳು. ರಾತ್ರಿ ಏನೇನು ನೋಡಿದೆ? ಏನೇನು ಕೇಳಿದೆ?"

"ಏನೂ ಇಲ್ಲ ಅತ್ತೆ. ಒಂದು ಹಲ್ಲಿ ಲೊಚಗುಟ್ಟಿತು, ಅಷ್ಟೇ."

"ಎಲ್ಲಿ?"

"ಗಾಳಿಪೆಟ್ಟಿಗೆ ಒಳಗೆ."

ಅತ್ತೆ ನೆಟ್ಟಗೆ ಕೂತರು. "ಆ ದೀಪ ಬರಿಗಣ್ಣಿಂದ ನೋಡಿದ್ರೆ ಕಣ್ಣು ಉರಿದುಹೋಗುತ್ತೆ ಅಂತ ನೀನೇ ಅಂದಿದ್ದೆ. ಅದರ ಪಕ್ಕ ಹಲ್ಲಿ ಸಂಸಾರ ಮಾಡ್ಕೊಂಡಿದ್ಯಾ?"

ಮರುದಿನ ಮೊದಲು ಶಿಡ್ಲಘಟ್ಟಕ್ಕೆ, ಮಹಮೂದಾಳ ಮನೆಗೆ ಹೋದೆವು. ಅವಳ ಮುಖ ಬಿಳಿಚಿತ್ತು. ಟೀ ತಂದವಳು ಅದರ ವಾಸನೆಗೇ ಮುಖ ತಿರುಗಿಸಿದಳು. ಅತ್ತೆ ಅವಳನ್ನೊಮ್ಮೆ ನೋಡಿದರು. ಕಿಟಕಿಯಲ್ಲಿ ಎಲೆಯ ಮೇಲಿದ್ದ ಹುಣಿಸೆಕಾಯಿಯನ್ನೊಮ್ಮೆ ನೋಡಿದರು.

"ಮಂಗಳವಾರದ್ದು ಕೇಳ್ಬೇಡಿ ಟೀಚರಮ್ಮ," ಎಂದಳು ಮಹಮೂದಾ. "ಕೈ ಮುಗೀತೀನಿ."

"ಕೇಳಲ್ಲ. ಬೇರೆ ಕೇಳ್ತೀನಿ. ಗಾಳಿಪೆಟ್ಟಿಗೆ ಕೊನೇಸಲ ತೆಗೆದಿದ್ದು ಯಾವಾಗ?"

"ಆಯುಧಪೂಜೆ ದಿನ. ಈ ಮೇಡಂ ಅವರೇ ಒಳಗೆ ಬೊಟ್ಟಿಟ್ರಲ್ಲ," ಎಂದು ನನ್ನ ಕಡೆ ಕೈ ತೋರಿಸಿದಳು. " ಹಾರಾನೂ ಹಾಕಿದ್ರು."

"ಬೀಗದ ಕೈ?"

"ಆವಲಪ್ಪನ ಉಡದಾರದಲ್ಲಿ. ಸ್ನಾನಕ್ಕೂ ಬಿಚ್ಚಲ್ಲ ಅಂತ ನಾವೆಲ್ಲ ನಗ್ತೀವಿ."

"ಎದ್ದು ಬಾ. ನಿನ್ನ ಮುಂದೆ ಬೈದೋರೆಲ್ಲ ನಿನ್ನ ಮುಂದೆಯೇ ಕೇಳಿಸ್ಕೊಳ್ಳಲಿ."

ಅಂಗಳದಲ್ಲಿ ಮತ್ತೆ ಅದೇ ಗುಂಪು. ಯಜಮಾನ ವೆಂಕಟರಾಯಪ್ಪನವರೂ ಇದ್ದರು.

"ಪೆಟ್ಟಿಗೆ ತೆಗೆಸಿ," ಎಂದರು ಅತ್ತೆ.

ಆವಲಪ್ಪ ನಕ್ಕ. "ಯಾಕಮ್ಮಾ? ಕಿಂಡೀಲಿ ನೋಡಿ. ನೀಲಿಯಾಗಿ ಉರೀತಾ ಐತೆ. ನಿಮ್ಮ ಶ್ಯಾಮಲಾನೇ ದಿನಾ 'ಸರಿ' ಅಂತ ಬರೆದವ್ರೆ."

ನನ್ನ ಕಿವಿ ಬಿಸಿಯಾಯಿತು.

"ಕೊಲ್ಲೋ ಬೆಳಕು ಕಣ್ಣಿಗೆ ಕಾಣಲ್ಲ ಕಣಪ್ಪ. ಕಾಣೋದು ಬರೀ ನೀಲಿ. ನೀಲಿ ಯಾರು ಬೇಕಾದ್ರೂ ಬಳೀಬಹುದು. ತೆಗಿ."

"ಬೀಗದ ಕೈ ಮನೇಲಿ —"

"ಉಡದಾರ ಮನೇಲಿ ಬಿಟ್ಟು ಬಂದ್ಯಾ?"

ಗುಂಪಿನಲ್ಲಿ ಹೆಂಗಸರು ಕಿಸಕ್ಕೆಂದರು. ಯಜಮಾನರು ಕೈ ಚಾಚಿದರು. ಆವಲಪ್ಪ ಬೀಗದ ಕೈ ಬಿಚ್ಚಿ ಕೊಟ್ಟ.

ಒಳಗೆ ಹೋಗಿ, ಕರೆಂಟು ಆರಿಸಿ ಪೆಟ್ಟಿಗೆಯ ಬಾಗಿಲು ತೆಗೆದೆವು. ಹಲ್ಲಿ ಸರಕ್ಕನೆ ಹೊರಗೆ ಹಾರಿತು. ಅತ್ತೆ ಕುರ್ಚಿ ಹತ್ತಿ ಟಾರ್ಚು ಬಿಟ್ಟರು.

"ಶ್ಯಾಮಲಾ, ಪೂಜೆ ದಿನ ಎಲ್ಲೆಲ್ಲಿ ಬೊಟ್ಟಿಟ್ಟೆ?"

"ದೀಪದ ಎದುರಿನ ತಗಡಿಗೆ ಅರಿಶಿನದ ಮೂರು ಗೆರೆ, ನಡುವೆ ಕುಂಕುಮ. ದೀಪದ ಗಾಜಿಗೂ ಒಂದು."

"ಹೋದ ವರ್ಷ?"

"ಅದರ ಪಕ್ಕದಲ್ಲೇ."

"ಎಲ್ಲರೂ ಬಂದು ನೋಡಿ." ಟಾರ್ಚಿನ ಬೆಳಕು ತಗಡಿನ ಮೇಲೆ ನಿಂತಿತು. "ಇದು ಈ ವರ್ಷದ್ದು. ಈಗ ತಾನೇ ಇಟ್ಟ ಹಾಗಿದೆ, ಹಳದಿ ಹಳದಿ. ಇದು ಹೋದ ವರ್ಷದ್ದು. ಬೆಳ್ಳಗೆ ಪುಡಿ. ಆದ್ರೆ ದೀಪದ ಹಿಡಿಕೆ ಅಡ್ಡ ಬಂದು ನೆರಳಾಗಿರೋ ಈ ತುದಿ ಮಾತ್ರ ಇನ್ನೂ ಹಳದಿ. ಯಾಕೆ? ಏನ್ರಮ್ಮಾ, ಅರಿಶಿನದ ಸೀರೆ ಬಿಸಿಲಿಗೆ ಒಣಗಹಾಕ್ತೀರಾ?"

"ಯಾರಾದ್ರೂ ಹಾಕ್ತಾರಾ ಟೀಚರಮ್ಮ? ಬಿಳಿಚ್ಕೊಳ್ಳುತ್ತೆ," ಎಂದಳು ಹಿಂದಿನಿಂದ ಒಬ್ಬಳು.

"ಬಿಸಿಲಲ್ಲಿ ಅರಿಶಿನ ತಿನ್ನೋದೂ ಈ ದೀಪದ ಜಾತಿಯ ಬೆಳಕೇ. ಇದರದ್ದು ಇನ್ನೂ ಕ್ರೂರ. ನಿಜವಾದ ದೀಪ ಎದುರಿಗೇ ಹಗಲೂ ರಾತ್ರಿ ಉರಿದಿದ್ರೆ, ಪೂಜೆಯಿಂದ ಇಲ್ಲಿವರೆಗೆ ಈ ಹಳದಿ ಹೀಗೇ ಉಳೀತಿತ್ತಾ? ಪೂಜೆ ಆದ ಮೇಲೆ ಇಲ್ಲಿ ಆ ದೀಪ ಉರಿದೇ ಇಲ್ಲ. ಮತ್ತೆ ಗಾಜಿಗಿಟ್ಟ ಬೊಟ್ಟೆಲ್ಲಿ, ಆವಲಪ್ಪ?"

"ಒರೆಸಿದೆ. ಬೆಳಕಿಗೆ ಅಡ್ಡ ಬರುತ್ತೆ ಅಂತ."

"ಹಾಗಾದ್ರೆ ಪೂಜೆ ಆದ್ಮೇಲೆ ಪೆಟ್ಟಿಗೆ ತೆಗೆದಿದ್ದೆ?"

ಆವಲಪ್ಪ ಒಂದು ಹೆಜ್ಜೆ ಹಿಂದೆ ಸರಿದ.

ಅತ್ತೆ ಹೆಬ್ಬೆರಳನ್ನು ಒದ್ದೆ ಮಾಡಿ ಟ್ಯೂಬನ್ನು ಉಜ್ಜಿದರು. ಬೆರಳು ನೀಲಿಯಾಯಿತು. ಕೆಳಗೆ ಕಂಡದ್ದು ಯಾವ ಅಂಗಡಿಯಲ್ಲೂ ಸಿಗುವ ಬಿಳಿ ಟ್ಯೂಬ್‌ಲೈಟು. ಅತಿನೇರಳೆ ದೀಪದ ಗಾಜು ಬಿಳಿಯಲ್ಲ. ನೀರಿನಂತೆ ತಿಳಿ, ಆಚೆಗಿರುವುದು ಕಾಣುತ್ತದೆ. ನನಗೆ ಅದು ಗೊತ್ತಿತ್ತು. ಒಂದು ದಿನವೂ ಬಾಗಿಲು ತೆಗೆಸಿ ನೋಡಲಿಲ್ಲ.

"ಮಾರಿದ್ಯೇನೋ?" ಯಜಮಾನರು ಆವಲಪ್ಪನ ಎದುರಿಗೆ ಬಂದು ನಿಂತರು.

"ಇಲ್ಲ ಯಜಮಾನ್ರೇ!" ಆವಲಪ್ಪ ಕೈ ಮುಗಿದ. "ಮಾರನೇ ದಿನ ಬಾಡಿದ ಹಾರ ಎಳೆದೆ. ಹಾರದ ಜೊತೇಲೇ ದೀಪಾನೂ ಬಂದು ಒಡೆದೋಯ್ತು. ಬೇರೆ ತರಿಸಕ್ಕೆ ತಿಂಗಳುಗಟ್ಟಲೆ ಆಗುತ್ತೆ. ನೀವು ಬೈತೀರಾ ಅಂತ..."

"ಬೈಗುಳಕ್ಕೆ ಹೆದರಿದ್ಯಾ?" ಅತ್ತೆ ಕುರ್ಚಿಯಿಂದ ಇಳಿದರು. ನಾನು ಅವರನ್ನು ಅಷ್ಟು ಸಿಟ್ಟಿನಲ್ಲಿ ಯಾವತ್ತೂ ನೋಡಿರಲಿಲ್ಲ. "ಗಾಜು ಒಡೆದಿದ್ದು ತಪ್ಪಲ್ಲ ಕಣೋ. ಒಡೆದ ಗಾಜು ಮುಚ್ಚೋಕೆ ಇವಳ ಸೀರೆಗೆ ಕೈ ಹಾಕಿದ್ಯಲ್ಲ! ಹುಳು ಸತ್ತಿದ್ದು ಗಾಳಿಯಿಂದ ಅಂತ ಇಷ್ಟು ಜನದಲ್ಲಿ ನಿನಗೊಬ್ಬನಿಗೇ ಗೊತ್ತಿತ್ತು. ಗೊತ್ತಿದ್ದೂ ಹೆಂಗಸರ ವಿಷಯ ಎತ್ತಿದೆ. ಯಾಕೆ? ಅದಕ್ಕೆ ಯಾವ ಹೆಂಗಸೂ ಬಾಯಿಬಿಟ್ಟು ಉತ್ತರ ಹೇಳಲ್ಲ ಅಂತ! ನಿನ್ನೆ ಎಷ್ಟು ಗಟ್ಟಿಯಾಗಿ ಕೂಗಿದ್ಯೋ ಇವತ್ತು ಅಷ್ಟೇ ಗಟ್ಟಿಯಾಗಿ ಹೇಳು."

ಅವನು ಹೇಳಿದ. ಮುನಿವೆಂಕಟಪ್ಪ ತಲೆ ತಗ್ಗಿಸಿದ. ಯಜಮಾನರು ಮಹಮೂದಾಳ ಹತ್ತಿರ ಬಂದು, "ನಾಳೆಯಿಂದ ಕೆಲಸಕ್ಕೆ ಬಾಮ್ಮಾ," ಎಂದರು.

"ಬರ್ತೀನಿ," ಎಂದಳು ಮಹಮೂದಾ. ನಗಲಿಲ್ಲ. "ಆದ್ರೆ ಮಂಗಳವಾರ ಯಾಕೆ ಕೂತಿದ್ದೆ ಅಂತ ಇನ್ನು ಯಾರೂ ಕೇಳ್ಬಾರ್ದು."

ದಾರಿಯಲ್ಲಿ ನಾನೇ ಮಾತು ತೆಗೆದೆ. "ಅತ್ತೆ, ಅವಳು ಬಸುರಿ, ಅಲ್ವಾ?"

"ಹೂಂ. ಅವಳ ಮನೇಲೇ ಗೊತ್ತಾಯ್ತು. ಎರಡು ಸಲ ಬಸುರು ಇಳಿದುಹೋಗಿದೆ ಅಂತ ಪಕ್ಕದ ಮನೆಯೋಳು ಅಂದ್ಲು. ಐದು ತಿಂಗಳು ತುಂಬೋವರೆಗೆ ಯಾರಿಗೂ ಹೇಳಬಾರದು ಅಂತ ಇದ್ದಾಳೆ ಪಾಪ."

"ಅದೊಂದು ಮಾತು ಹೇಳಿದ್ರೆ ಒಂದು ನಿಮಿಷದಲ್ಲಿ ಮುಗೀತಿತ್ತು. ಬಸುರಿ ಮುಟ್ಟಾಗೋದೆಲ್ಲಿ?"

ಅತ್ತೆ ನಿಂತು ನನ್ನ ಕಡೆ ತಿರುಗಿದರು.

"ಮುಗೀತಿತ್ತು. ಇವಳು ಹೊಟ್ಟೆ ತೋರಿಸಿ ತಪ್ಪಿಸ್ಕೊಳ್ತಿದ್ಲು. ಮಂಗಳವಾರ ಅದೇ ಮನೇಲಿ ನಿಜವಾಗ್ಲೂ ಮುಟ್ಟಾಗಿದ್ದೋಳು ಒಬ್ಬಳು ಇದ್ದಿದ್ರೆ? ಅವಳು ಏನು ತೋರಿಸ್ಬೇಕಿತ್ತು?"

ನಾನು ಚಪ್ಪಲಿಯ ಉಂಗುಷ್ಠ ಸರಿಮಾಡಿಕೊಳ್ಳುವವಳಂತೆ ಬಗ್ಗಿದೆ.

ಒಬ್ಬಳು ಇದ್ದಳು. ಮಂಗಳವಾರ, ಬುಧವಾರ, ಗುರುವಾರ — ಮೂರು ದಿನವೂ ಹೊಟ್ಟೆನೋವು ನುಂಗಿಕೊಂಡು ತಟ್ಟೆಗಳ ನಡುವೆ ಓಡಾಡಿದ್ದಳು. ಆವಲಪ್ಪ ಕೂಗಿದಾಗ ಮಹಮೂದಾಳಿಂದ ಎರಡು ಮಾರು ದೂರದಲ್ಲಿ, ರಿಜಿಸ್ಟರ್ ಎದೆಗೆ ಒತ್ತಿಕೊಂಡು ನಿಂತಿದ್ದಳು. ಮೇಡಮ್ಮನನ್ನು ಯಾರೂ ಕೇಳಲಿಲ್ಲ. ಮೇಡಮ್ಮ ತಾನಾಗಿ ಹೇಳಲೂ ಇಲ್ಲ.

"ಏನೇ, ಕಿತ್ತೋಯ್ತಾ?" ಎಂದರು ಅತ್ತೆ.

"ಇಲ್ಲ ಅತ್ತೆ, ಏನೂ ಇಲ್ಲ," ಎಂದು ಎದ್ದೆ. ಅತ್ತೆಗೂ ಹೇಳಬಾರದು, ಮಹಮೂದಾಗಂತೂ ಹೇಳಲೇಬಾರದು ಎಂದು, ಬಸ್‌ಸ್ಟ್ಯಾಂಡು ಬರುವುದರೊಳಗೆ ತೀರ್ಮಾನ ಮಾಡಿದ್ದೆ.