ಒರಿನ್ ಆರಿಸಿದ ಮೂರು ಜಾಡಿಗಳು

ಬಹಳ ಬಹಳ ಹಿಂದೆ, ಮೂಡಣ ಕಡಲಿನ ನಡುವೆ, ಶಿರಯುಕಿ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಚಳಿಗಾಲದ ಹಿಮ ಆಕಾಶದಿಂದ ಬೀಳುತ್ತಿರಲಿಲ್ಲ. ನೆಲದಿಂದ ಎದ್ದು, ಗದ್ದೆಗಳ ಮೇಲೆ ಸುಳಿದಾಡಿ, ಮೆಲ್ಲಗೆ ಆಕಾಶಕ್ಕೆ ಹೋಗುತ್ತಿತ್ತು.

ಅಲ್ಲಿಯ ಜನ ಅಕ್ಕಿಯನ್ನು ಬೇಯಿಸಿ, ಹುದುಗಿಸಿ, ಹಿಂಡಿ ಒಂದು ಮದ್ಯ ಮಾಡುತ್ತಿದ್ದರು. ಅದರ ಹೆಸರು ಸಾಕೆ. ಹೆಸರು ಸಾಕೆ ಆದರೂ ಸಾಕು ಎಂದವರು ಕಡಿಮೆ. ಆದರೆ ಬಟ್ಟಲು ಎರಡು ಗುಟುಕಿನಷ್ಟು ಚಿಕ್ಕದು, ಹಾಗಾಗಿ ಯಾರೂ ತೂರಾಡುತ್ತಿರಲಿಲ್ಲ. ಸಂಜೆಯಾದರೆ ಮನೆಮನೆಯಲ್ಲೂ ಒಂದೇ ಮಾತು: “ಇವತ್ತು ಯಾವುದು?” ಒಲೆಯ ಮೇಲೆ ಏನಿದೆ, ಹೊರಗೆ ಎಷ್ಟು ಚಳಿ, ಬಂದವರು ಯಾರು, ಇಷ್ಟನ್ನೂ ನೋಡಿ ಒಂದು ಜಾಡಿ ಆರಿಸುತ್ತಿದ್ದರು. ಆರಿಸುವಾಗ ವಾದ, ಕುಡಿಯುವಾಗ ನಗು.

ಆ ರಾಜ್ಯದ ಒಂದು ಊರಿನಲ್ಲಿ ಒರಿನ್ ಎಂಬ ಹೆಣ್ಣುಮಗಳಿದ್ದಳು. ಮಣ್ಣಿನ ಬಟ್ಟಲುಗಳನ್ನೂ ಹೂಜಿಗಳನ್ನೂ ಮಾಡುವುದು ಅವಳ ಕಸುಬು. ಅವಳ ಅಣ್ಣ ತೊಕುಜೊ ಸಾಕೆ ಮಾಡುವವರಲ್ಲಿ ಹಿರಿಯ. ತಂದೆತಾಯಿ ಇಲ್ಲದ ಮನೆಯಲ್ಲಿ ಅವರಿಬ್ಬರೇ.

ಒಂದು ಸಂಜೆ ಒರಿನ್ ಉಪ್ಪು ಸವರಿ ಮೀನು ಸುಟ್ಟಳು. “ಇದಕ್ಕೆ ತಣ್ಣಗಿನದು, ಘಮಘಮಿಸುವಂಥದ್ದು,” ಎಂದ ಅಣ್ಣ. “ಈ ಚಳಿಯಲ್ಲೇ? ಬೆಚ್ಚಗಿನದೇ ಬೇಕು,” ಎಂದಳು ಒರಿನ್. ಮಾತು ಬೆಳೆಯಿತು. ಕೊನೆಗೆ ಅವಳು, “ಅಣ್ಣ, ನಿನ್ನ ಮೂಗಿಗೆ ಮುಪ್ಪು ಬಂದಿದೆ,” ಎಂದುಬಿಟ್ಟಳು. ತೊಕುಜೊ ಬಟ್ಟಲನ್ನು ಕೆಳಗಿಟ್ಟ. ಮರುದಿನ ಬೆಳಿಗ್ಗೆ ತಂಗಿ ಏಳುವ ಮೊದಲೇ ಕೆಲಸಕ್ಕೆ ಹೋದ.

ಆ ಬೆಳಿಗ್ಗೆಯೇ ಗರಾನ್ ಬಂದ. ಗರಾನ್ ಬೂದಿಬೆಟ್ಟದ ಮಾಂತ್ರಿಕ. ಬಿರುಗಾಳಿಯ ಮೇಲೆ ಕೂತು ಬಂದವನು ತನ್ನ ಬಲಗೈಯನ್ನು ಒಮ್ಮೆ ಬೀಸಿದ. ಸಾಕೆ ಮಾಡುವ ಏಳು ಜನ ನಿಂತಲ್ಲೇ ಏಳು ಜಾಡಿಗಳಾದರು. ಇನ್ನೊಮ್ಮೆ ಬೀಸಿದ. ರಾಜ್ಯದಲ್ಲಿದ್ದ ಸಾಕೆಯೆಲ್ಲ ನೀರಾಯಿತು. ಏಳೂ ಜಾಡಿಗಳನ್ನು ಗಾಳಿಗೆ ಕಟ್ಟಿಕೊಂಡು ಅವನು ಹೊರಟುಹೋದ.

ರಾಜ ನೂರು ಸೈನಿಕರನ್ನು ಕಳಿಸಿದ. ಬೂದಿಬೆಟ್ಟದ ಬುಡದಲ್ಲಿ ಮರೆವಿನ ಮಂಜು ಕವಿದಿತ್ತು. ಅದರೊಳಗೆ ಹೊಕ್ಕವರು ಮೂರನೆಯ ದಿನ, “ನಾವು ಯಾಕೆ ಹೋಗಿದ್ದೆವು?” ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾ ವಾಪಸು ಬಂದರು.

ಒರಿನ್ ಯಾರನ್ನೂ ಕೇಳಲಿಲ್ಲ. ಎರಡು ಬಟ್ಟಲು, ಒಂದು ಹೂಜಿ, ಒಂದು ಸಣ್ಣ ಪಾತ್ರೆಯನ್ನು ಗಂಟು ಕಟ್ಟಿಕೊಂಡು ಹೊರಟಳು. ಮಂಜಿನೊಳಗೆ ಕಾಲಿಟ್ಟ ಕೂಡಲೇ ಅವಳ ಊರಿನ ಹೆಸರು ಮರೆಯಿತು. ಹತ್ತು ಹೆಜ್ಜೆಗೆ ತನ್ನ ಹೆಸರೂ ಮರೆಯಿತು. ಆದರೆ ಅಣ್ಣನ ಜೊತೆ ಆಡಿದ ಜಗಳ ಎದೆಯಲ್ಲಿ ಚುಚ್ಚುತ್ತಲೇ ಇತ್ತು. “ಹಾಗೆ ಅನ್ನಬಾರದಿತ್ತು ಅಣ್ಣ, ಹಾಗೆ ಅನ್ನಬಾರದಿತ್ತು,” ಎಂದು ಅದೊಂದನ್ನೇ ಹೇಳಿಕೊಳ್ಳುತ್ತಾ ನಡೆದಳು. ಆ ಮಾತನ್ನು ಹಿಡಿದುಕೊಂಡೇ ಮಂಜಿನ ಆಚೆಗೆ ಬಂದಳು. ಮರೆತದ್ದೆಲ್ಲ ಒಂದೊಂದಾಗಿ ನೆನಪಾಯಿತು.

ಬೆಟ್ಟದ ಮೊದಲ ಬಾಗಿಲಲ್ಲಿ ಗುಡ್ಡದಷ್ಟು ದೊಡ್ಡ ಕರಡಿ ಕೂತಿತ್ತು. ಅದು ಗಡಗಡ ನಡುಗುತ್ತಿತ್ತು.

“ಮುಂದೆ ಬಂದರೆ ತಿಂದುಬಿಡುತ್ತೇನೆ,” ಎಂದಿತು ಕರಡಿ. “ಗರಾನ್ ನನ್ನ ನಿದ್ದೆಯನ್ನು ಕಿತ್ತುಕೊಂಡು ಇಲ್ಲಿ ಕಾವಲಿಗೆ ಕೂರಿಸಿದ್ದಾನೆ. ನೂರು ಚಳಿಗಾಲ ಕಳೆದರೂ ನಾನು ಕಣ್ಣು ಮುಚ್ಚಿಲ್ಲ. ಈ ಚಳಿ ಬಿಡಿಸಿದರೆ ದಾರಿ ಬಿಡುತ್ತೇನೆ ಮಗಳೇ. ಅಗೋ ಅಲ್ಲಿ ಜಾಡಿಗಳಿವೆ. ಒಂದನ್ನು ಮಾತ್ರ ತೆರೆಯಬಹುದು.”

ಗೋಡೆಯುದ್ದಕ್ಕೂ ಗರಾನ್ ಕೂಡಿಟ್ಟ ಸಾಕೆಯ ಜಾಡಿಗಳಿದ್ದವು. ಯಾವ ಅಕ್ಕಿಯಿಂದ ಮಾಡಿದ್ದೋ ಆ ಅಕ್ಕಿಯ ಒಂದು ಕಾಳನ್ನು ಪ್ರತಿ ಜಾಡಿಯ ಬಾಯಿಗೆ ಅಂಟಿಸಿದ್ದರು. ಚಿನ್ನದ ಜಾಡಿಯ ಮೇಲಿನ ಕಾಳು ಮುತ್ತಿನಂತಿತ್ತು. ಅದು ರಾಜರು ಕುಡಿಯುವಂಥದ್ದು. ಒರಿನ್ ಕೈ ಚಾಚಿದವಳು ತಡೆದಳು. ಅಕ್ಕಿಯನ್ನು ಅಷ್ಟು ನುಣ್ಣಗೆ ಪಾಲಿಶ್ ಮಾಡಿದರೆ ಸಾಕೆಗೆ ಹೂವಿನ ಕಂಪು ಬರುತ್ತದೆ. ಬಿಸಿ ಮಾಡಿದರೆ ಆ ಕಂಪು ಹಾರಿಹೋಗುತ್ತದೆ. ಮೂಲೆಯಲ್ಲಿ ಒರಟು ಜಾಡಿಯೊಂದಿತ್ತು. ಅದರ ಕಾಳು ದಪ್ಪಗೆ, ತವಡು ಮಾತ್ರ ಹೋದಂತೆ ಇತ್ತು. ಅವಳು ಅದನ್ನು ತೆರೆದಳು. ಹೂಜಿಗೆ ತುಂಬಿಸಿ, ಬೆಂಕಿ ಹೊತ್ತಿಸಿ, ತನ್ನ ಪಾತ್ರೆಯಲ್ಲಿ ಕಾಯಿಸಿದ ಕುದಿಯದ ಬಿಸಿನೀರಿನಲ್ಲಿ ಆ ಹೂಜಿಯನ್ನು ನಿಲ್ಲಿಸಿದಳು. ಅನ್ನ ಬಸಿದ ಹಾಗೆ ಘಮ ಎದ್ದಿತು. ಒಂದು ಬಟ್ಟಲು ಕುಡಿದ ಕರಡಿಯ ನಡುಕ ನಿಂತಿತು. ಎರಡನೆಯದಕ್ಕೆ ಆಕಳಿಸಿತು. ಮೂರನೆಯದನ್ನು ಕುಡಿದು, “ತಣ್ಣಗಿರು ತಾಯಿ,” ಎಂದು ಹೇಳಿ ಅಲ್ಲೇ ಮಲಗಿ ಗೊರಕೆ ಹೊಡೆಯಿತು.

ಎರಡನೆಯ ಬಾಗಿಲಲ್ಲಿ ಒಂದು ಕ್ರೌಂಚಪಕ್ಷಿ ನಿಂತಿತ್ತು. ಅದರ ಗರಿಗಳೆಲ್ಲ ಕೆಂಡ. ನಿಂತ ಕಲ್ಲೂ ಕೆಂಪಗಾಗಿತ್ತು.

“ಹತ್ತಿರ ಬಂದವರು ಸುಟ್ಟುಹೋಗುತ್ತಾರೆ,” ಎಂದಿತು ಹಕ್ಕಿ. “ನನ್ನ ಗಂಟಲು ಆರಿಹೋಗಿದೆ. ಅದನ್ನು ತಣಿಸಿದರೆ ದಾರಿ ಬಿಡುತ್ತೇನೆ. ಇಲ್ಲಿಯೂ ಒಂದೇ ಜಾಡಿ ಆರಿಸಬೇಕು.”

ಇಲ್ಲಿಯೂ ಅಂಥದೇ ಒಂದು ಒರಟು ಜಾಡಿ ಇತ್ತು. ಗೆದ್ದ ದಾರಿಯೇ ಸುಲಭವೆಂದು ಒರಿನ್ ಅದನ್ನು ಎತ್ತಿಯೂ ಎತ್ತಿದಳು. ಆಗ ಕೆಂಡದಂಥ ಸೆಕೆ ಅವಳ ಮುಖಕ್ಕೆ ಬಡಿಯಿತು. ‘ನನಗೇ ಇಷ್ಟು ಬೇಯುತ್ತಿದೆ. ಇದಕ್ಕೆ ಅಣ್ಣ ಹೇಳಿದಂಥದ್ದೇ ಬೇಕು,’ ಎಂದುಕೊಂಡು ಕೆಳಗಿಟ್ಟಳು. ಅರ್ಧಕ್ಕೂ ಹೆಚ್ಚು ಸವೆಸಿದ, ಸಾಸಿವೆಗಿಂತ ತುಸುವೇ ದೊಡ್ಡದಾಗಿದ್ದ ಕಾಳಿನ ಜಾಡಿಯನ್ನು ಹುಡುಕಿದಳು. ಬಾಗಿಲ ಹೊರಗಿನ ಹಿಮದಲ್ಲಿ ಹೂಜಿಯನ್ನು ಹೂತಿಟ್ಟು ಕಾದಳು. ಹೊರತೆಗೆದಾಗ ಅದರಿಂದ ಪೇರುಹಣ್ಣಿನ, ಕರಬೂಜದ ಕಂಪು ಬಂತು. ಒಂದು ಗುಟುಕು ಕುಡಿದ ಹಕ್ಕಿಯ ಕೊಕ್ಕು ಬೆಳ್ಳಗಾಯಿತು. ಇನ್ನೊಂದಕ್ಕೆ ರೆಕ್ಕೆ ಬೆಳ್ಳಗಾಯಿತು.

“ಅಮ್ಮಾ, ಒಂದು ಮಾತು ಕೇಳು,” ಎಂದಿತು ಕ್ರೌಂಚ. “ಗರಾನ್ ಮಂತ್ರಶಕ್ತಿಗಾಗಿ ತನ್ನ ನಾಲಗೆಯ ರುಚಿಯನ್ನೇ ಕೊಟ್ಟುಬಿಟ್ಟಿದ್ದಾನೆ. ನಿಮ್ಮ ಮನೆಗಳ ನಗು ಸಂಜೆ ಹೊತ್ತು ಬೆಟ್ಟಕ್ಕೆ ಕೇಳಿಸುತ್ತದೆ. ಅದನ್ನು ಸಹಿಸಲಾರದೆ ಹೀಗೆ ಮಾಡಿದ. ಅವನ ಶಕ್ತಿಯೆಲ್ಲ ಬಲಗೈಯಲ್ಲಿದೆ. ಆ ಕೈ ಇನ್ನೊಬ್ಬರಿಗಾಗಿ ಏನಾದರೂ ಮಾಡಿದರೆ ಶಕ್ತಿ ಸೋರಿಹೋಗುತ್ತದೆ.”

“ಅದು ಅವನಿಗೆ ಗೊತ್ತೇ?”

“ಗೊತ್ತು. ಅದಕ್ಕೇ ಮುನ್ನೂರು ವರ್ಷದಿಂದ ಯಾರಿಗೂ ಒಂದು ಹನಿ ನೀರು ಕೊಟ್ಟಿಲ್ಲ. ಮೋಸ ಮಾಡಿಯೋ ಬಲವಂತದಿಂದಲೋ ಮಾಡಿಸಲಾಗದು. ಅವನೇ ಮನಸ್ಸು ಮಾಡಬೇಕು.”

ಮೂರನೆಯ ಬಾಗಿಲು ತಾನಾಗಿಯೇ ತೆರೆಯಿತು. ಒಳಗೆ ದೊಡ್ಡ ಹಜಾರ. ಕಿಟಕಿಯಿಂದ ಸಂಜೆಯ ಬೆಳಕು ಹಾಲಿನಂತೆ ಹರಿದು ಬರುತ್ತಿತ್ತು. ಸಾಲುಸಾಲು ಜಾಡಿಗಳ ನಡುವೆ ಗರಾನ್ ಒಬ್ಬನೇ ಕೂತು, ಚಿನ್ನದ ಬೋಗುಣಿಗೆ ತಾನೇ ಸುರಿದುಕೊಂಡು, ಕುಡಿದು, ಉಗುಳುತ್ತಿದ್ದ.

“ನನ್ನ ನಾಲಗೆಗೆ ಎಲ್ಲವೂ ನೀರು!” ಎಂದ ಅವನು. “ಬಾ ಹೆಣ್ಣೇ. ನನಗೆ ಖುಷಿ ಕೊಡುವ ಸಾಕೆ ಒಂದನ್ನು ಆರಿಸು. ಆರಿಸಿದರೆ ನಿನ್ನ ಜೀವ ಉಳಿಯುತ್ತದೆ. ತಪ್ಪಿದರೆ ನೀನೂ ಜಾಡಿ. ನೆನಪಿರಲಿ, ಇವುಗಳಲ್ಲಿ ಏಳು ಜಾಡಿ ಮನುಷ್ಯರು. ಮುಚ್ಚಳ ತೆಗೆದೆಯೋ, ಅವರು ಚೆಲ್ಲಿಹೋಗುತ್ತಾರೆ.”

ಒರಿನ್ ಸಾಲುಗಳ ನಡುವೆ ನಡೆದು ನೋಡಿದಳು. ಇಲ್ಲಿ ಕಾಳುಗಳಿರಲಿಲ್ಲ. ಎಲ್ಲ ಜಾಡಿಗಳೂ ಒಂದೇ ಬಣ್ಣ, ಒಂದೇ ಎತ್ತರ. ನಾಲಗೆಗೆ ರುಚಿಯೇ ಇಲ್ಲದವನಿಗೆ ಯಾವುದನ್ನು ಕೊಡುವುದು? ಅವಳು ಬಹಳ ಹೊತ್ತು ಅವನನ್ನೇ ನೋಡಿದಳು. ಗಾಳಿ ಬೀಸಿದರೆ ಅವನು ಶಾಲು ಹೊದ್ದುಕೊಳ್ಳುತ್ತಿದ್ದ. ಜಾಡಿ ಕದಲಿದರೆ ಕತ್ತು ತಿರುಗಿಸುತ್ತಿದ್ದ. ರುಚಿ ಹೋಗಿದ್ದರೂ ಇವನಿಗೆ ಕಿವಿಯಿದೆ, ಚರ್ಮವಿದೆ ಎಂದುಕೊಂಡಳು.

ಆಮೇಲೆ ಒಂದೊಂದೇ ಜಾಡಿಗೆ ಕಿವಿಯಿಟ್ಟು ನಡೆದಳು. ಬಹಳಷ್ಟು ಜಾಡಿಗಳು ಮೌನವಾಗಿದ್ದವು. ಎಂಟರಿಂದ ಮಾತ್ರ ಸದ್ದು ಬಂತು. ಏಳರೊಳಗೆ ಪಿಸುಪಿಸು ಎಂದು ಸದ್ದು ಏರುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಇನ್ನೊಂದರಲ್ಲಿ ಪಿಟಪಿಟ, ಪಿಟ, ಪಿಟಪಿಟಪಿಟ, ಲೆಕ್ಕವಿಲ್ಲದೆ. ಹೊಸ ಸಾಕೆ ಇನ್ನೂ ಹುದುಗುತ್ತಿರುವಾಗ ಗುಳ್ಳೆ ಒಡೆಯುವ ಸದ್ದು ಅವಳಿಗೆ ಗೊತ್ತಿತ್ತು. ಅಣ್ಣನ ಉಸಿರೂ ಗೊತ್ತಿತ್ತು. ಆದರೂ ಇನ್ನೊಮ್ಮೆ ಕಿವಿಯಿಟ್ಟು ಕೇಳಿದಳು. ಕಣ್ಣು ಮುಚ್ಚಿ ಪಿಟಪಿಟ ಎನ್ನುವ ಜಾಡಿಯನ್ನು ತೆರೆದಳು.

ಬೆಳ್ಳನೆಯ, ಮಬ್ಬಾದ, ಅನ್ನದ ಚೂರುಗಳು ತೇಲುವ ಹೊಸ ಸಾಕೆ. ಒರಿನ್ ಉಸಿರುಬಿಟ್ಟಳು. ಹೂಜಿಗೆ ತುಂಬಿಸಿ, ತನ್ನ ಮಣ್ಣಿನ ಬಟ್ಟಲಿಗೆ ಸುರಿದು ಗರಾನ್‌ನ ಮುಂದಿಟ್ಟಳು.

“ಮೊದಲು ಕೇಳಿಸಿಕೊಳ್ಳಿ,” ಎಂದಳು.

ಗರಾನ್ ಬಟ್ಟಲನ್ನು ಕಿವಿಯ ಹತ್ತಿರ ತಂದ. ಪಿಟಪಿಟ ಎಂದಿತು. ಕುಡಿದ. ಗುಳ್ಳೆಗಳು ನಾಲಗೆಯ ಮೇಲೆ ಕುಣಿದವು, ಅನ್ನದ ಚೂರುಗಳು ಜಾರಿದವು, ಮೂಗಿನ ತುದಿಗೆ ಕಚಗುಳಿಯಾಯಿತು. ಮಾಂತ್ರಿಕ ಬೆಚ್ಚಿಬಿದ್ದ. ಆಮೇಲೆ ಕಿಸಕ್ಕನೆ ನಕ್ಕ. ಮುನ್ನೂರು ವರ್ಷದಲ್ಲಿ ಅದೇ ಅವನ ಮೊದಲ ನಗು.

“ಗೆದ್ದೆ ನೀನು. ನಿನ್ನ ಜೀವ ನಿನಗೆ. ಇನ್ನೊಂದು ಬಟ್ಟಲು ಸುರಿ!”

“ನಮ್ಮಲ್ಲಿ ತನ್ನ ಬಟ್ಟಲಿಗೆ ತಾನೇ ಸುರಿದುಕೊಳ್ಳುವುದಿಲ್ಲ ಅಜ್ಜ,” ಎಂದಳು ಒರಿನ್, ಎರಡನೆಯ ಬಟ್ಟಲನ್ನು ಮುಂದೆ ಇಡುತ್ತಾ. “ನಿಮ್ಮದಕ್ಕೆ ನಾನು ಸುರಿದೆ. ನನ್ನದು ಖಾಲಿ ಇದೆ.”

ಗರಾನ್‌ನ ನಗು ನಿಂತಿತು. “ಇದರ ಅರ್ಥ ನಿನಗೆ ಗೊತ್ತೇ?”

“ಗೊತ್ತು. ಹಕ್ಕಿ ಹೇಳಿತು. ನಿಮಗೆ ಬೇಡವಾದರೆ ಬಿಡಿ. ಒಬ್ಬರೇ ಕೂತು ಕುಡಿಯಬಹುದು. ಈ ಜಾಡಿ ತುಂಬ ಇದೆ.”

ಅವನು ಜಾಡಿಯನ್ನು ನೋಡಿದ. ಚಿನ್ನದ ಬೋಗುಣಿಯನ್ನು ನೋಡಿದ. ಕಿಟಕಿಯಾಚೆ ಶಿರಯುಕಿಯ ಮನೆಗಳಿದ್ದವು. ಈಗ ಅಲ್ಲಿಂದ ಯಾವ ನಗುವೂ ಬರುತ್ತಿರಲಿಲ್ಲ. ಬೆಳಕು ಗೋಡೆಯ ಮೇಲೆ ಒಂದು ಮೊಳ ಸರಿಯಿತು. ಕೊನೆಗೆ ಗರಾನ್ ಬಲಗೈ ಚಾಚಿ ಹೂಜಿಯನ್ನು ಎತ್ತಿದ. ಇನ್ನೊಬ್ಬರಿಗೆ ಸುರಿದು ಅಭ್ಯಾಸವಿಲ್ಲದ ಕೈಯಿಂದ ಅರ್ಧ ಚೆಲ್ಲಿತು. ಉಳಿದರ್ಧ ಒರಿನ್‌ಳ ಬಟ್ಟಲಿಗೆ ಬಿತ್ತು.

ಅವನ ಬೆರಳುಗಳ ತುದಿಯಿಂದ ಶಕ್ತಿ ನೀಲಿ ಹೊಗೆಯಾಗಿ ಸೋರಿ ಕಿಟಕಿಯಿಂದ ಹೊರಗೆ ಹೋಯಿತು. ಏಳು ಜಾಡಿಗಳು ಠಣ್ಣನೆ ಸೀಳಿ ಏಳು ಜನ ಮೈಮುರಿಯುತ್ತಾ ಎದ್ದುನಿಂತರು. ಒರಿನ್ ಓಡಿಹೋಗಿ ತೊಕುಜೊನ ಕೈ ಹಿಡಿದಳು.

“ಅಣ್ಣ, ನಾನು ಹಾಗೆ ಅನ್ನಬಾರದಿತ್ತು.”

“ಒಂದು ಬಟ್ಟಲು ತಣ್ಣಗೆ, ಒಂದು ಬಟ್ಟಲು ಬೆಚ್ಚಗೆ ಇಡಬಹುದಿತ್ತು ಕಣೇ,” ಎಂದ ತೊಕುಜೊ. “ಅದು ನನಗೂ ಹೊಳೆಯಲಿಲ್ಲ.” ಅವನ ಕಣ್ಣು ತುಂಬಿತ್ತು.

ಮಾಂತ್ರಿಕ ಕೂತಿದ್ದ ಜಾಗದಲ್ಲಿ ಈಗ ಬಡಕಲು ಮುದುಕನೊಬ್ಬ ಮುದುಡಿ ಕೂತಿದ್ದ. “ಇವನನ್ನು ಇಲ್ಲೇ ಬಿಟ್ಟು ಹೋಗೋಣ,” ಎಂದರು ಆರು ಜನ. “ಖಾಲಿ ಬೆಟ್ಟದಲ್ಲಿ ಏನು ತಿಂದಾನು? ಬರಲಿ, ಅಕ್ಕಿ ತೊಳೆಯುವ ಕೆಲಸಕ್ಕೆ ಒಬ್ಬರು ಬೇಕು,” ಎಂದಳು ಒರಿನ್. ಕ್ರೌಂಚಪಕ್ಷಿ ಎಲ್ಲರನ್ನೂ ಬೆನ್ನ ಮೇಲೆ ಕೂರಿಸಿಕೊಂಡು ಹಾರಿತು.

ಊರಿನಲ್ಲಿ ನೀರಾಗಿದ್ದ ಸಾಕೆ ಮತ್ತೆ ಸಾಕೆಯಾಗಿತ್ತು. ಒಲೆಯ ಮುಂದೆ ಅಣ್ಣ, ತಂಗಿ, ಮುದುಕ ಮೂವರೂ ಕೂತರು. ಮೂಲಂಗಿ ಉಪ್ಪಿನಕಾಯಿ, ಬಿಸಿ ಅನ್ನ ಬಡಿಸಿದರು. ತೊಕುಜೊ ತನ್ನ ಹೆಮ್ಮೆಯ ಜಾಡಿಯನ್ನು ತಂದು ಗರಾನ್‌ಗೆ ಸುರಿದ.

ಮುದುಕ ಒಂದು ಗುಟುಕು ಕುಡಿದು ಮುಖ ಕಿವುಚಿದ. “ಇದು ನನಗೆ ಹಿಡಿಸಲಿಲ್ಲ,” ಎಂದ.

ತೊಕುಜೊನ ಮುಖ ಸಣ್ಣದಾಯಿತು.

“ಹಿಡಿಸಲಿಲ್ಲ!” ಎಂದು ಮುದುಕ ಕೂಗಿದ. ಕಣ್ಣೀರು ಗಡ್ಡದ ಮೇಲೆ ಇಳಿಯುತ್ತಿತ್ತು. “ಕೇಳಿದಿರಾ? ನನಗೆ ಹಿಡಿಸಲಿಲ್ಲ! ಇದು ಹುಳಿ!”

ಒರಿನ್ ನಗಲು ಶುರುಮಾಡಿದಳು. ತೊಕುಜೊನೂ ತಡೆಯಲಾರದೆ ನಕ್ಕು, ಎದ್ದುಹೋಗಿ ಬೇರೆ ಜಾಡಿ ತಂದ. ಅದು ತೀರಾ ಸಿಹಿ. ಮತ್ತೊಂದು ತಂದ. ಅದೂ ಆಗಲಿಲ್ಲ. ನಾಲ್ಕನೆಯದನ್ನು ಮುದುಕ ಮೆಲ್ಲಗೆ ಕುಡಿದ. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದ. ಅಣ್ಣತಂಗಿ ಉಸಿರು ಹಿಡಿದು ಕಾದರು.

“ಇದು,” ಎಂದ ಅವನು.

ಆಮೇಲೆ ಶಿರಯುಕಿಯಲ್ಲಿ ಯಾರಿಗೂ ಯಾರ ಭಯವೂ ಇರಲಿಲ್ಲ. ಎಲ್ಲರೂ ಉಂಡು, ಕುಡಿದು, ವಾದ ಮಾಡಿ, ನಕ್ಕು, ತುಂಬು ಬಾಳು ಬಾಳಿದರು.