ಬಿಳಿ ನೋಟಿನ ಹಿಂದಿನ ಸಹಿ

ನಿನ್ನೆ ಬೆಳಿಗ್ಗೆ ಮಗಳು ಟಿಲ್ಲಿಯ ಶಾಲೆಯ ಅಂಗಿಗೆ ಇಸ್ತ್ರಿ ಹಾಕುತ್ತಿದ್ದೆ. ಪಕ್ಕದ ಕೋಣೆಯಿಂದ ನನ್ನ ಗಂಡ ಗ್ಯಾರೆತ್ ಕೂಗಿದ: "ನಿನ್ನ ಮಗಳು ನನ್ನ ನೋಟಿನ ಮೇಲೆ ಗೀಚಿದ್ದಾಳೆ, ಬಂದು ನೋಡು!"

ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಹೋದೆ. ಅದು ಯಾರ್ಕ್ ಪಟ್ಟಣದಲ್ಲಿ ನಡೆಯುವ ಹಳೆಯ ನೋಟುಗಳ ಸಂತೆಯಲ್ಲಿ ಅವನು ಆಸೆಪಟ್ಟು ಕೊಂಡಿದ್ದ ಬಿಳಿಯ ಐದು ಪೌಂಡ್ ನೋಟು. ಮುಂದೆ ಮಾತ್ರ ಅಚ್ಚು, ಹಿಂದೆ ಬರೀ ಬಿಳುಪು. ಆ ಬಿಳುಪಿನ ಮೇಲೆ ಈಗ ಕಪ್ಪು ಶಾಯಿಯಲ್ಲಿ 'ವಿನಿಫ್ರೆಡ್' ಎಂಬ ಹೆಸರಿತ್ತು.

"ನಾನಲ್ಲ ಅಪ್ಪಾ," ಎಂದಳು ಟಿಲ್ಲಿ.

"ಮತ್ತೆ ಬೆಕ್ಕು ಬರೀತಾ? ಭಾನುವಾರ ನನ್ನ ಜೊತೆ ಸಂತೆಗೆ ಬರೋದೇ ಬೇಡ ನೀನು."

"ಹೀಗೆ ಪೆನ್ನು ಎತ್ತದೆ ಅಕ್ಷರಕ್ಕೆ ಅಕ್ಷರ ಸೇರಿಸಿ ಬರೆಯೋಕೆ ಅವಳಿಗಿನ್ನೂ ಬರಲ್ಲ, ಗ್ಯಾರೆತ್," ಎಂದೆ.

ನೋಟನ್ನು ಮುಟ್ಟಿದೆ. ಮಂಜುಗಡ್ಡೆಯಂತೆ ತಣ್ಣಗಿತ್ತು, ಬೆರಳಿಗೆ ಶಾಯಿ ಹತ್ತಿತು. ಆಗ ನಿಬ್ಬು ಕಾಗದವನ್ನು ಕೆರೆಯುವಂಥ ಸಣ್ಣ ಕರಕರ ಸದ್ದು ಕೇಳಿಸಿತು. ಮೂವರೂ ನೋಡುತ್ತಿದ್ದಂತೆಯೇ ಹೆಸರಿನ ಪಕ್ಕದಲ್ಲಿ ಇನ್ನೊಂದು ಅಕ್ಷರ ತಾನಾಗಿಯೇ ಮೂಡಿತು.

ಗ್ಯಾರೆತ್ ಮಗಳ ತಲೆ ನೇವರಿಸಿದ. "ತಪ್ಪಾಯ್ತು ಪುಟ್ಟಿ," ಎಂದ. ಆಮೇಲೆ ತನಗೆ ತಾನೇ ಹೇಳಿಕೊಳ್ಳುವಂತೆ, "ಆಗೆಲ್ಲ ಅಂಗಡೀಲಿ ಇಂಥ ನೋಟು ಕೊಟ್ಟು ಏನಾದ್ರೂ ಕೊಂಡವರ ಹತ್ರ ಹಿಂದುಗಡೆ ಹೆಸರು ಬರೆಸ್ಕೋತಿದ್ರು," ಎಂದ.

ಕರಕರ ನಿಂತಿತು. ಹೆಸರು ಪೂರ್ತಿಯಾಗಿತ್ತು. ಟಿಲ್ಲಿ ಕೋಣೆಯ ಸುತ್ತ ಒಮ್ಮೆ ಕಣ್ಣು ಹಾಯಿಸಿ, ನನ್ನ ಅಂಗಿಯ ತುದಿ ಹಿಡಿದುಕೊಂಡು ಕೇಳಿಯೇಬಿಟ್ಟಳು:

"ಅಮ್ಮಾ, ಇವರು ನಮ್ಮನೇಲಿ ಏನು ಕೊಂಡ್ಕೊಂಡ್ರು?"