ಮೀರಾಬಿ ಅಜ್ಜಿಯ ಸೆರಗು

ದೆವ್ವ ಭೂತಗಳನ್ನು ನಾನು ನಂಬುವವಳಲ್ಲ. ನನ್ನ ಹಾಡು ನಡುವೆ ನಿಂತರೆ ಮಾತ್ರ ಸಿಟ್ಟು ಬರುತ್ತದೆ, ಆವತ್ತೂ ಬಂದದ್ದು ಅದೇ.

ಹಳೇ ಹುಬ್ಬಳ್ಳಿಯಲ್ಲಿ ನಾನೂ ಗೆಳತಿ ತಸ್ಲೀಮಾಳೂ ಸೇರಿ ಒಂದು ವಿಡಿಯೋ ಗೇಮ್ ಮಾಡುತ್ತಿದ್ದೇವೆ. ಆಡುವವರು ಅಲೆಮಾರಿಯಾಗಿ ಊರೂರು ತಿರುಗಿ, ದಣಿದಾಗ ಒಂದು ಛತ್ರದಲ್ಲಿ ತಂಗುತ್ತಾರೆ. ಚಿತ್ರ ಅವಳದು, ಸಂಗೀತ ನನ್ನದು. ಛತ್ರದ ಯಜಮಾನಿಯಾಗಿ ತಸ್ಲೀಮಾ, ಹೋದ ವರ್ಷ ತೀರಿಕೊಂಡ ತನ್ನ ಅಜ್ಜಿ ಮೀರಾಬಿಯನ್ನೇ ಬರೆದಳು: ಬಿಳಿ ಕೂದಲು, ಹೆಗಲ ಮೇಲೆ ಹಸಿರು ಸೆರಗು. ಅಜ್ಜಿ ಉಸಿರು ಎಳೆದುಕೊಂಡಂತೆ ಒಂದು ಚಿತ್ರ, ಬಿಟ್ಟಂತೆ ಇನ್ನೊಂದು. ಗೇಮಿನಲ್ಲಿ ಅವಳಿಗೆ ಇರುವುದು ಅವೆರಡೇ.

ದಿನಾ ಸಂಜೆ ಗೇಮ್ ಆಡುತ್ತ ಛತ್ರದೊಳಗೆ ಹೋದರೆ ನನ್ನ ಹಾಡು ತಾನಾಗಿ ನಿಲ್ಲುತ್ತಿತ್ತು, ತುಸು ಹೊತ್ತಿಗೆ ಮೊದಲಿನಿಂದ ಶುರುವಾಗುತ್ತಿತ್ತು. ಕೋಡ್ ಎಲ್ಲ ಜಾಲಾಡಿದೆ. ತಪ್ಪು ಸಿಗಲಿಲ್ಲ. ಒಂದು ದಿನ ಹಾಡು ನಿಂತೊಡನೆ ತಸ್ಲೀಮಾ ನನ್ನ ಕೈ ಹಿಡಿದಳು.

"ಹೊರಗ ಕೇಳ. ಆಜಾನ್ ಆಗಾಕತ್ತೇತಿ."

ಪರದೆಯ ಮೇಲೆ ಮೀರಾಬಿ ಅಜ್ಜಿ ಸೆರಗನ್ನು ತಲೆಗೆ ಹೊದ್ದಿದ್ದಳು.

"ನಾ ಇಂಥಾ ಚಿತ್ರ ತಗದೇ ಇಲ್ಲ, ಋತುಜಾ."

ಚಿಕ್ಕವಳಿದ್ದಾಗ ನಾನು ಅವರ ಮನೆಯಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದರೆ ಆಜಾನ್ ಹೊತ್ತಿಗೆ ಅಜ್ಜಿ ಹೀಗೆಯೇ ಸೆರಗು ಹೊದ್ದು, "ಸ್ವಲ್ಪ ತಡೀ ಬೇಟಾ" ಅನ್ನುತ್ತಿದ್ದಳು. ಮುಗಿದ ಮೇಲೆ, "ಹೂಂ, ಈಗ ಬಾರಸು. ಮೊದ್ಲಿಂದ ಬಾರಸು."

ನನ್ನ ಸಿಟ್ಟು ಅಲ್ಲಿಗೇ ಇಳಿಯಿತು.

ನಿನ್ನೆ ಸಂಜೆ ಓಣಿಯಲ್ಲಿ ಕರೆಂಟ್ ಇರಲಿಲ್ಲ. ಆಜಾನ್ ಹೊತ್ತಾದರೂ ಮಸೀದಿಯ ಮೈಕ್ ಕೇಳಲಿಲ್ಲ. ಲ್ಯಾಪ್‌ಟಾಪಿನ ಬೆಳಕಿನಲ್ಲಿ ಇಬ್ಬರೂ ಕೂತಿದ್ದೆವು. ಹಾಡು ನಿಂತಿತು. ಅಜ್ಜಿ ಸೆರಗು ಹೊದ್ದಳು.

ತಸ್ಲೀಮಾ ಅವಳನ್ನೇ ನೋಡುತ್ತ ತನ್ನ ದುಪಟ್ಟಾವನ್ನೂ ತಲೆಯ ಮೇಲೆ ಎಳೆದುಕೊಂಡಳು.